ಡಿವೈನ್ ಅವರ 'ಕೊಹಿನೂರ್': ಗಲ್ಲಿ ಹುಡುಗನ ಮೊದಲ ಸೋಲೋ ಆಲ್ಬಂ

ಮುಂಬೈನ ರ‍್ಯಾಪರ್ ಡಿವೈನ್ ಅವರ ಮೊದಲ ಸ್ಟುಡಿಯೋ ಆಲ್ಬಂ 'ಕೊಹಿನೂರ್'. ಮಾಸ್ ಅಪೀಲ್ ಇಂಡಿಯಾ ಮೂಲಕ ಇದು ಬಿಡುಗಡೆಯಾಗಿದ್ದು 2019ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಫೆಬ್ರವರಿ 14ರಂದು ತೆರೆಕಂಡ 'ಗಲ್ಲಿ ಬಾಯ್' ಸಿನಿಮಾ ಮುಂಬೈ ಗಲ್ಲಿಗಳ ರ‍್ಯಾಪ್ ಹಾಡುಗಳನ್ನು ಮನೆಮನೆಗೆ ತಲುಪಿಸಿತ್ತು. ಆದರೆ ಆ ಸಿನಿಮಾದಲ್ಲಿ ಡಿವೈನ್ ಬದುಕಿನ ಎಳೆಗಳು ನಟರ ಪಾತ್ರಗಳಾಗಿದ್ದವು. ಅವರು ಬರೆದ ಸಾಲುಗಳನ್ನು ನಾಯಕ ನಟ ಹಾಡಿದ್ದರು. ತನ್ನ ಕಥೆಯನ್ನು ತನ್ನದೇ ಹೆಸರಿನಲ್ಲಿ, ತನ್ನದೇ ದನಿಯಲ್ಲಿ ಒಂದು ಇಡೀ ಆಲ್ಬಂ ಆಗಿ ಡಿವೈನ್ ಮುಂದಿಟ್ಟಿದ್ದು 'ಕೊಹಿನೂರ್'ನಲ್ಲಿ.

ಯಾರು ಈ ಡಿವೈನ್?

ಡಿವೈನ್ ಅವರ ನಿಜನಾಮ ವಿವಿಯನ್ ಫರ್ನಾಂಡಿಸ್. ಬೆಳೆದದ್ದು ಅಂಧೇರಿ ಪೂರ್ವದ ಜೆ.ಬಿ. ನಗರದ ಇಕ್ಕಟ್ಟಾದ ಗಲ್ಲಿಗಳಲ್ಲಿ. ಸಹಪಾಠಿಯೊಬ್ಬ ತೊಟ್ಟಿದ್ದ ಟೀಶರ್ಟಿನ ಮೇಲೆ ಅಮೆರಿಕದ ರ‍್ಯಾಪರ್ 50 ಸೆಂಟ್ ಚಿತ್ರವಿತ್ತು. ಅವರಿಗೆ ಹಿಪ್‌ಹಾಪ್ ಪರಿಚಯವಾಗಿದ್ದು ಹಾಗೆ. ಮೊದಮೊದಲು ಇಂಗ್ಲಿಷ್‌ನಲ್ಲೇ ರ‍್ಯಾಪ್ ಮಾಡುತ್ತಿದ್ದ ಅವರು ಆಮೇಲೆ ತಮ್ಮ ಬೀದಿಯಲ್ಲಿ ಆಡುವ ಬಂಬೈಯಾ ಹಿಂದಿಗೆ ಹೊರಳಿದರು. 2013ರ 'ಯೇ ಮೇರಾ ಬಾಂಬೆ' ಅವರಿಗೆ ಹೆಸರು ತಂದಿತು. 2015ರಲ್ಲಿ ಇನ್ನೊಬ್ಬ ರ‍್ಯಾಪರ್ ನೇಝಿ ಜೊತೆ ಮಾಡಿದ 'ಮೇರೆ ಗಲ್ಲಿ ಮೇ' ದೊಡ್ಡ ಹಿಟ್ ಆಯಿತು. 'ಗಲ್ಲಿ ರ‍್ಯಾಪ್' ಎಂಬ ಹೆಸರು ಜನರ ಬಾಯಲ್ಲಿ ನಿಲ್ಲಲು ಈ ಹಾಡೂ ಕಾರಣ.

ಹಾರ್ಡ್‌ಕೋರ್ ರ‍್ಯಾಪ್ ಎಂದರೇನು?

ಪಾರ್ಟಿಗಳಲ್ಲಿ ಕುಣಿಸುವ ರ‍್ಯಾಪ್ ಒಂದು ಬಗೆ. ಬಡತನ, ಪೊಲೀಸರ ಕಾಟ, ಬೀದಿಯ ಹೊಡೆದಾಟಗಳನ್ನು ಗಡುಸು ತಾಳದ ಮೇಲೆ ಸಿಟ್ಟಿನಿಂದ ಹೇಳುವುದು ಇನ್ನೊಂದು ಬಗೆ. ಇದನ್ನೇ ಹಾರ್ಡ್‌ಕೋರ್ ರ‍್ಯಾಪ್ ಎನ್ನುತ್ತಾರೆ. 1980ರ ದಶಕದಲ್ಲಿ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡಾವಣೆಗಳಲ್ಲಿ ಇದು ಬೆಳೆಯಿತು. ಅಲ್ಲಿ ಮೊದಲ ಸೋಲೋ ಆಲ್ಬಂ ಎಂದರೆ ಎಷ್ಟೋ ಸಲ ಸ್ವಾತಂತ್ರ್ಯದ ಘೋಷಣೆ. ಐಸ್ ಕ್ಯೂಬ್ ಅವರನ್ನೇ ನೋಡಿ. ತಾನು ಬರೆದ ಹಾಡುಗಳಿಗೆ ಸರಿಯಾದ ಹಣ ಸಿಗುತ್ತಿಲ್ಲ ಎಂದು ಎನ್.ಡಬ್ಲ್ಯೂ.ಎ. ತಂಡ ಬಿಟ್ಟ ಅವರು 1990ರಲ್ಲಿ ತಮ್ಮದೇ ಆಲ್ಬಂ ತಂದರು.

ಬಂದೂಕು, ಗ್ಯಾಂಗುಗಳ ಅಮೆರಿಕದ ಕಥೆ ಮುಂಬೈಗೆ ಹಾಗೆಯೇ ಹೊಂದುವುದಿಲ್ಲ. ಡಿವೈನ್ ಅಲ್ಲಿಂದ ತಂದದ್ದು ಆ ಗಡುಸುತನ ಮತ್ತು ನೇರ ಮಾತು. ಹೇಳಿದ್ದು ಮಾತ್ರ ತಮ್ಮ ಗಲ್ಲಿಯ ವಿಷಯ.

ಸಿನಿಮಾ ಕೊಟ್ಟಿದ್ದೇನು?

ಜೋಯಾ ಅಖ್ತರ್ ನಿರ್ದೇಶನದ 'ಗಲ್ಲಿ ಬಾಯ್' ಡಿವೈನ್ ಮತ್ತು ನೇಝಿ ಅವರ ಬದುಕಿನಿಂದ ಪ್ರೇರಿತ. 'ಅಪನಾ ಟೈಮ್ ಆಯೇಗಾ' ಹಾಡನ್ನು ಡಿವೈನ್ ಮತ್ತು ಅಂಕುರ್ ತಿವಾರಿ ಬರೆದರು, ಹಾಡಿದ್ದು ರಣವೀರ್ ಸಿಂಗ್. ಇದಕ್ಕೆ ಗೀತರಚನೆಯ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಆದರೆ ಜನ ಆ ಹಾಡನ್ನು ನೆನಪಿಟ್ಟುಕೊಂಡಿದ್ದು ನಟನ ಮುಖದೊಂದಿಗೆ.

ನಮ್ಮಲ್ಲಿ ಜನಪ್ರಿಯ ಸಂಗೀತ ಎಂದರೆ ಬಹುಪಾಲು ಸಿನಿಮಾ ಸಂಗೀತವೇ. ಹಾಡಿನ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರ ಅಥವಾ ಆಡಿಯೋ ಕಂಪನಿಯ ಕೈಯಲ್ಲಿರುತ್ತದೆ. ಬರೆದವರ ಮತ್ತು ಸಂಗೀತ ಕೊಟ್ಟವರ ರಾಯಧನದ ಹಕ್ಕನ್ನು 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆ ಗಟ್ಟಿ ಮಾಡಿತು. ಆದರೂ ಸಿನಿಮಾದ ಹಂಗಿಲ್ಲದೆ ಕೇಳುಗರನ್ನು ತಲುಪುವುದು ಸುಲಭವಲ್ಲ. ಡಿವೈನ್ 2019ರಲ್ಲೇ 'ಗಲ್ಲಿ ಗ್ಯಾಂಗ್' ಎಂಬ ಸ್ವಂತ ಸಂಸ್ಥೆ ಕಟ್ಟಿದ್ದು ಈ ಹಿನ್ನೆಲೆಯಲ್ಲಿ ಮುಖ್ಯವಾಗುತ್ತದೆ. ನ್ಯೂಯಾರ್ಕ್‌ನ ಖ್ಯಾತ ರ‍್ಯಾಪರ್ ನಾಸ್ ಪಾಲುದಾರರಾಗಿರುವ ಮಾಸ್ ಅಪೀಲ್ ಕೂಡ ಅದೇ ವರ್ಷ ಯೂನಿವರ್ಸಲ್ ಮ್ಯೂಸಿಕ್ ಜೊತೆ ಸೇರಿ ಭಾರತಕ್ಕೆ ಬಂತು. ಮೊದಲು ಸಹಿ ಹಾಕಿಸಿಕೊಂಡಿದ್ದು ಡಿವೈನ್ ಅವರನ್ನೇ.

ಆಲ್ಬಂನಲ್ಲಿ ಏನಿದೆ?

ಹೆಸರಿನಲ್ಲೇ ಅರ್ಥವಿದೆ. ಗೋಲ್ಕೊಂಡ ಸೀಮೆಯ ಗಣಿಯಿಂದ ಬಂದದ್ದೆಂದು ನಂಬಲಾದ ಕೊಹಿನೂರ್ ವಜ್ರ ಕೈಯಿಂದ ಕೈಗೆ ದಾಟಿ ಕೊನೆಗೆ ಬ್ರಿಟನ್ ಸೇರಿತು. ಮಣ್ಣಿನಲ್ಲಿ ಸಿಕ್ಕಿದ್ದಕ್ಕೂ ಬೆಲೆ ಇದೆ ಎಂಬ ಭಾವವನ್ನು ಗಲ್ಲಿಯ ಹುಡುಗ ಆ ಹೆಸರಿನಿಂದ ತನಗೆ ಅನ್ವಯಿಸಿಕೊಂಡಂತಿದೆ.

ಶೀರ್ಷಿಕೆ ಗೀತೆಯ ಜೊತೆಗೆ 'ಚಲ್ ಬಾಂಬೆ', 'ರಿಮಾಂಡ್', 'ಗಾಂಧಿ ಮನಿ', 'ವಲ್ಲಾಹ್' ಹಾಡುಗಳು ಇದರಲ್ಲಿವೆ. 'ಟೂ ಹೈಪ್'ನಲ್ಲಿ ಕರ್ನಾಟಕ ಸಂಗೀತದ ಹಿನ್ನೆಲೆಯ ಗಾಯಕ ಸಿದ್ ಶ್ರೀರಾಮ್ ದನಿಗೂಡಿಸಿದ್ದಾರೆ. 'ಚಲ್ ಬಾಂಬೆ' ಕುಣಿಸುವ ಹಾಡು, 'ರಿಮಾಂಡ್' ಹೆಸರೇ ಗಡುಸು. ಹೀಗೆ ಹಾರ್ಡ್‌ಕೋರ್ ಧಾಟಿಯ ಪಕ್ಕದಲ್ಲೇ ದೊಡ್ಡ ಕೇಳುಗವರ್ಗವನ್ನು ಸೆಳೆಯುವ ಪ್ರಯತ್ನವೂ ಇದೆ. ಗಲ್ಲಿಯಿಂದ ಮೇಲೆ ಬಂದ ಮೇಲೆ ಗಲ್ಲಿಯ ಹಾಡು ಹಾಡುವುದು ಹೇಗೆ ಎಂಬ ಪ್ರಶ್ನೆ ಯಶಸ್ಸು ಕಂಡ ಪ್ರತಿಯೊಬ್ಬ ರ‍್ಯಾಪರ್‌ಗೂ ಎದುರಾಗುತ್ತದೆ. 'ಕೊಹಿನೂರ್' ಆ ತಿರುವಿನಲ್ಲಿ ನಿಂತಿರುವ ಆಲ್ಬಂ.

ಆಮೇಲೇನಾಯಿತು?

ಡಿವೈನ್ 2020ರ ಡಿಸೆಂಬರ್‌ನಲ್ಲಿ 'ಪುಣ್ಯ ಪಾಪ್', 2022ರಲ್ಲಿ 'ಗುನೇಹ್‌ಗಾರ್' ತಂದರು. ನೇಝಿ ಅವರ ಮೊದಲ ಆಲ್ಬಂ 'ಮಗ್ರೆಬ್' 2020ರಲ್ಲಿ ಬಂತು. ಈ ಹಾದಿ ಮುಂಬೈಗೆ ಸೀಮಿತವಾಗಲಿಲ್ಲ. ಗುಜರಾತಿನ ಅಹಮದಾಬಾದ್‌ನಿಂದ ರ‍್ಯಾಪರ್ ಧಾಂಜಿ 2023ರಲ್ಲಿ 'ರುವಾಬ್' ತಂದರು. ಅವರ 'ಥಲ್ತೇಜ್ ಬ್ಲೂಸ್' ಹಾಡಿನ ಹೆಸರಿನಲ್ಲಿ ಆ ನಗರದ ಪಶ್ಚಿಮ ಭಾಗದ ಬಡಾವಣೆಯೇ ಇದೆ. ಬೆಂಗಳೂರಿನ ಹನುಮಾನ್‌ಕೈಂಡ್ 2024ರ 'ಬಿಗ್ ಡಾಗ್ಸ್' ಹಾಡಿನಿಂದ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿ ಏರಿದರು. ಈ ಎರಡೂ ಹಾಡುಗಳಿಗೆ ಸಿನಿಮಾದ ಊರುಗೋಲು ಬೇಕಾಗಲಿಲ್ಲ.