ಹಾಡುವವರ ಹಕ್ಕು: ಪಟ್ಟದಕಲ್ಲಿನ ಶಾಸನದಿಂದ ಇಂದಿನವರೆಗೆ



ನಮ್ಮ ಚೊಳಚಗುಡ್ಡಕ್ಕೂ ಹಾಡು ನಾಟಕಗಳಿಗೂ ಇರುವ ನಂಟನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಸಾಗಿದ ಮೇಲೆ ವಾರಗಟ್ಟಲೆ ಜಾತ್ರೆ, ಸಾಲುಸಾಲು ನಾಟಕ ಕಂಪನಿಗಳು, ಬೆಳಗಿನ ಜಾವದವರೆಗೂ ಹಾಡು. ಹಾಡಿದವರಿಗೆ ಚಪ್ಪಾಳೆಗೇನೂ ಕೊರತೆಯಿಲ್ಲ. ಆದರೆ ಚಪ್ಪಾಳೆ ನಿಂತ ಮೇಲೆ ಅವರ ಕೈಯಲ್ಲಿ ಉಳಿಯುವುದೇನು? ಈ ಪ್ರಶ್ನೆಗೆ ನಮ್ಮ ನೆಲದಲ್ಲಿ ಸುಮಾರು 1,300 ವರ್ಷಗಳ ಇತಿಹಾಸವಿದೆ.

ಅದೇ ಮಲಪ್ರಭೆಯ ದಂಡೆಯ ಮೇಲೆ, ನಮ್ಮೂರಿನಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ ಪಟ್ಟದಕಲ್ಲು ಇದೆ. 1987ರಲ್ಲಿ ವಿಶ್ವಪರಂಪರೆಯ ತಾಣವೆಂದು ಮನ್ನಣೆ ಪಡೆದ ಅಲ್ಲಿನ ದೇವಾಲಯಗಳಲ್ಲಿ ವಿರೂಪಾಕ್ಷ ದೇವಾಲಯವೇ ಹಿರಿದು. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿ ಅದನ್ನು ಕಟ್ಟಿಸಿದಳೆಂಬುದನ್ನು ನೀವೆಲ್ಲ ಓದಿದ್ದೀರಿ. ಪಠ್ಯಪುಸ್ತಕದಲ್ಲಿ ಬಾರದ ಸಂಗತಿಯೊಂದಿದೆ. ಅಲ್ಲಿನ ಹಳಗನ್ನಡ ಶಾಸನಗಳಲ್ಲೊಂದು ಈ ನಾಡಿನ ಗಾಂಧರ್ವರ, ಅಂದರೆ ಹಾಡುವವರ, ಕುರಿತಾದುದು. ಹಿಂದೆ ವಿಜಯಾದಿತ್ಯ ಮಹಾರಾಜನು (696–733) ಅವರಿಗೆ ಕೊಟ್ಟಿದ್ದ ಕೊಡುಗೆ ಕಟ್ಟಳೆಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳೆಂದು ಅದು ಹೇಳುತ್ತದೆ.

ಇದರಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಕೊಡುಗೆ ಒಬ್ಬ ಮೆಚ್ಚಿನ ಗಾಯಕನಿಗಲ್ಲ, ಗಾಯಕರ ಸಮುದಾಯಕ್ಕೆ. ಎರಡನೆಯದು, ಮಾವ ಕೊಟ್ಟದ್ದನ್ನು ಸೊಸೆ ಮರಳಿ ದೃಢಪಡಿಸಬೇಕಾಯಿತು. ಕಲಾವಿದರ ಹಕ್ಕು ಒಮ್ಮೆ ಬಂದರೆ ತಾನಾಗಿ ಉಳಿಯುವಂಥದ್ದಲ್ಲ. ತಲೆಮಾರಿಗೊಮ್ಮೆ ಅದನ್ನು ಹೊಸದಾಗಿ ಬರೆಯಿಸಿಕೊಳ್ಳಬೇಕಾಗುತ್ತದೆ.

ಬರೆಯಿಸಿಕೊಳ್ಳದಿದ್ದರೆ ಏನಾಗುವುದೆಂಬುದನ್ನು ನಾನು ಕಂಡಿದ್ದೇನೆ. ನನ್ನ ಬಾಲ್ಯದಲ್ಲಿ ಕಂಪನಿಯೊಂದರ ಹಾರ್ಮೋನಿಯಂ ಮಾಸ್ತರರು ಜಾತ್ರೆಯ ದಿನಗಳಲ್ಲಿ ನಮ್ಮ ಓಣಿಯಲ್ಲಿ ಬಿಡಾರ ಮಾಡುತ್ತಿದ್ದರು. ಅವರು ಮಟ್ಟು ಹಾಕಿದ ರಂಗಗೀತೆಗಳನ್ನು ಊರ ಮಂದಿಯೆಲ್ಲ ಗುನುಗುತ್ತಿದ್ದರು. ಕೆಲವು ವರ್ಷಗಳ ತರುವಾಯ ಅವರ ಬೆರಳುಗಳು ನಡುಗತೊಡಗಿದವು, ಕಂಪನಿಯ ಕೆಲಸ ತಪ್ಪಿತು. ಮರುವರ್ಷದ ಜಾತ್ರೆಯಲ್ಲಿ ಅವರ ಮಟ್ಟುಗಳಿದ್ದವು, ಅವರಿರಲಿಲ್ಲ. ಆ ಮಟ್ಟುಗಳಿಂದ ಅವರಿಗೆ ಒಂದು ದುಡ್ಡೂ ಬಂದಿರಲಾರದು.

ಹೆಸರಾಂತರ ಪಾಡೂ ಬೇರೆಯಾಗಿರಲಿಲ್ಲ. ನಮ್ಮ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದರು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಗಳಿಗೂ ಮಿಕ್ಕಿ ಓಡಿತು. ಆದರೆ ಹಾಡಿದ ಕಂಠಕ್ಕೆ ಹಕ್ಕುಂಟೆಂದು ಅಂದಿನ ಕಾಯಿದೆ ಹೇಳುತ್ತಿರಲಿಲ್ಲ. ಅವರು 1965ರಲ್ಲಿ ತೀರಿಕೊಂಡರು. ಗಾಯಕರಿಗೆ ‘ಪ್ರದರ್ಶಕರ ಹಕ್ಕು’ ದೊರೆತುದು 1994ರ ತಿದ್ದುಪಡಿಯಿಂದ.

ಗೀತರಚನಕಾರರು ಮತ್ತು ಸಂಗೀತ ಸಂಯೋಜಕರಿಗಾಗಿ ಮುಂಬಯಿಯಲ್ಲಿ 1969ರಲ್ಲಿಯೇ ಒಂದು ಸಂಸ್ಥೆ ಹುಟ್ಟಿತ್ತು. ಅದೇ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಚಿಕ್ಕದಾಗಿ ಐಪಿಆರ್‌ಎಸ್. ಆದರೆ 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಣ ಕೊಟ್ಟು ಹಾಡು ಮಾಡಿಸಿಕೊಂಡ ಚಿತ್ರ ನಿರ್ಮಾಪಕನೇ, ಬೇರೆ ಒಪ್ಪಂದವಿಲ್ಲದಿದ್ದರೆ, ಅದರ ಮೊದಲ ಒಡೆಯನೆಂದು ತೀರ್ಪಿತ್ತಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಗಾಯಕರಿಗೂ ರಕ್ಷಣೆ ಬೇಕೆಂಬ ಮಾತನ್ನು ಬೇರೆಯಾಗಿ ಬರೆದರು. ಕೊನೆಗೆ 2012ರ ತಿದ್ದುಪಡಿ ಬಂದಿತು. ಕವಿಯಾಗಲಿ ಸಂಯೋಜಕನಾಗಲಿ ತನ್ನ ರಾಯಧನದ ಸಮಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲ, ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವ ಹಾಡಿಗೆ ಮಾತ್ರ ಈ ಪಾಲಿಲ್ಲ. ಸಂಸತ್ತಿನಲ್ಲಿ ಇದರ ಪರವಾಗಿ ವಾದಿಸಿದ ಕವಿ ಜಾವೇದ್ ಅಖ್ತರ್ ಅವರು 2017ರಲ್ಲಿ ಆ ಸಂಸ್ಥೆಯ ಅಧ್ಯಕ್ಷರಾದರು.

ಜಾನಪದ ಶೈಲಿಯ ಹಾಡುಗಳನ್ನು ಬರೆದು ಹಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಕೇಳಿದ: “ಸರ್, ಆ ಸೊಸೈಟಿ ಮೆಂಬರ್ ಆದ್ರ ನಮಗೇನ್ ಸಿಗತೈತ್ರಿ?” ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಆಕಾಶವಾಣಿ, ದೂರದರ್ಶನ, ಹೋಟೆಲು, ಮೊಬೈಲಿನ ಹಾಡಿನ ಆ್ಯಪು, ಹೀಗೆ ಎಲ್ಲ ಕಡೆಯೂ ಒಬ್ಬನೇ ಕವಿ ಅಲೆದು ಹಣ ಕೇಳಲಾರ. ಎಲ್ಲರ ಪರವಾಗಿ ಸಂಸ್ಥೆ ಪರವಾನಗಿ ಕೊಟ್ಟು, ಶುಲ್ಕ ಸಂಗ್ರಹಿಸಿ, ಬಳಕೆಗೆ ತಕ್ಕಂತೆ ಸದಸ್ಯರಿಗೆ ಹಂಚುತ್ತದೆ. ಕಾರ್ಯಾಗಾರಗಳನ್ನು ನಡೆಸುತ್ತದೆ. 2020ರಲ್ಲಿ ಕೋವಿಡ್‌ನಿಂದ ಕಾರ್ಯಕ್ರಮಗಳು ನಿಂತಾಗ ಸದಸ್ಯರಿಗೆ ನೆರವಿನ ಹಣವನ್ನೂ ನೀಡಿತು. ಕೃತಿಸ್ವಾಮ್ಯವು ಕರ್ತೃವಿನ ಮರಣಾನಂತರ 60 ವರ್ಷ ಇರುವುದರಿಂದ ವಾರಸುದಾರರೂ ಸದಸ್ಯರಾಗಬಹುದು. ಗಾಯಕರಿಗಾಗಿಯೇ 2013ರಲ್ಲಿ ಬೇರೊಂದು ಸಂಸ್ಥೆ ನೋಂದಣಿಯಾಯಿತು. ಆಗ ಅದರ ಹೆಸರು ಇಂಡಿಯನ್ ಸಿಂಗರ್ಸ್ ರೈಟ್ಸ್ ಅಸೋಸಿಯೇಷನ್ ಎಂದಿತ್ತು.

ಆದರೆ ಸದಸ್ಯನಾದ ಮಾತ್ರಕ್ಕೆ ಹಣ ಹರಿದುಬರುವುದಿಲ್ಲ. ಹಾಡು ಹೆಚ್ಚು ಬಳಕೆಯಾಗದಿದ್ದರೆ ಬರುವುದೂ ಅಲ್ಪವೇ. ಪ್ರತಿಯೊಂದು ಹಾಡನ್ನೂ ತನ್ನ ಹೆಸರಿನಲ್ಲಿ ದಾಖಲಿಸಿರಬೇಕು. ಅಜ್ಜಿಯರಿಂದ ಬಂದ ಬೀಸುವ ಪದಕ್ಕೆ ಯಾರೂ ಒಡೆಯರಲ್ಲ, ತಾನೇ ಕಟ್ಟಿದ ಪದಕ್ಕೆ ಮಾತ್ರ ಈ ಹಕ್ಕು. ಇನ್ನು, ಮುಪ್ಪಿನಲ್ಲಿ ಕಷ್ಟಪಡುವ ಕಲಾವಿದರಿಗೆ ಸರ್ಕಾರದ ಮಾಸಾಶನ ಬೇರೆಯೇ ಇದೆ. ಅದನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ವಿಚಾರಿಸಬೇಕು.

ನಿಮ್ಮ ಮನೆತನದಲ್ಲಿ, ನೆರೆಹೊರೆಯಲ್ಲಿ ಹಾಡು ಕಟ್ಟುವವರು, ಮಟ್ಟು ಹಾಕುವವರು ಇದ್ದರೆ, ರೆಕಾರ್ಡಿಂಗಿನವರು ಮುಂದಿಡುವ ಕಾಗದವನ್ನು ಸಹಿಗೆ ಮೊದಲು ಪೂರ್ತಿ ಓದಿ ಹೇಳಿರಿ. ನೀವು ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಾಣದು. ಲೋಕಮಹಾದೇವಿ ಕಲ್ಲಿನ ಮೇಲೆ ಬರೆಯಿಸಿದಳು. ನಾವು ಕಾಗದದ ಮೇಲಾದರೂ ಸರಿಯಾಗಿ ಬರೆಯಿಸೋಣ.