ಕಡಲಿನ ಯುದ್ಧ, ಉಗ್ರಾಣದ ಲೆಕ್ಕ



ರೋಮ್ ಮತ್ತು ಕಾರ್ಥೇಜ್ ನಡುವಿನ ಮೊದಲ ಯುದ್ಧ ನಡೆದದ್ದು ಕ್ರಿ.ಪೂ. 264ರಿಂದ 241ರವರೆಗೆ. ಕಡಲು ಕಾರ್ಥೇಜಿನದು, ರೋಮನ್ನರು ನೆಲದವರು. ಗೆದ್ದ ರೋಮಿಗೆ ಸಿಕ್ಕಿದ್ದು ಗೋಧಿ ಬೆಳೆಯುವ ಸಿಸಿಲಿ. ಇಂಥದೇ ಒಂದು ಪೈಪೋಟಿ ನಮ್ಮ ಕರಾವಳಿಗೂ ನಾವೀಗ ದುಡಿಯುತ್ತಿರುವ ಈ ನಾಡಿಗೂ ನಡುವಿನ ಕಡಲಲ್ಲಿ ನಡೆದಿದೆ. ಅಲ್ಲಿ ವಿಷಯ ಅಕ್ಕಿ. ಚಾರ್ಟರ್ಡ್ ಅಕೌಂಟೆಂಟ್ ಆದ ನಾನು ಅದನ್ನು ಫಿರಂಗಿಗಿಂತ ಉಗ್ರಾಣದ ಕಡೆಯಿಂದಲೇ ನೋಡುತ್ತೇನೆ.

1507ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಖೋರ್ ಫಕ್ಕಾನ್ ಊರನ್ನು ಸುಟ್ಟ. ರಜೆಯಲ್ಲಿ ನಾವು ಮಕ್ಕಳನ್ನು ಕರೆದೊಯ್ಯುವ ಅದೇ ಖೋರ್ ಫಕ್ಕಾನ್! ಆಮೇಲೆ ಈ ಕಡಲಲ್ಲಿ 'ಕಾರ್ತಾಜ್' ಎಂಬ ಪರವಾನಗಿ ಚೀಟಿ ಇಲ್ಲದೆ ಹೊರಟರೆ ಹಡಗೂ ಸರಕೂ ಜಪ್ತಿ. ಚೀಟಿಯ ಶುಲ್ಕ ಅಲ್ಪ. ನಿಜವಾದ ಆದಾಯ, ಹಡಗುಗಳು ಅವರ ಬಂದರಿಗೇ ಹೋಗಿ ಕಟ್ಟಬೇಕಿದ್ದ ಸುಂಕ.

ಬಾರ್ಕೂರು, ಬಸರೂರುಗಳ ಅಕ್ಕಿ ಹೊರ್ಮುಜ್, ಏಡನ್‌ಗೆ ಹೋಗುತ್ತಿತ್ತೆಂದು ದುವಾರ್ತೆ ಬಾರ್ಬೋಸಾ ಬರೆದಿದ್ದಾನೆ. ಗೋವೆಯ ಊಟಕ್ಕೂ ಇದೇ ಅಕ್ಕಿ. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರು ಪೋರ್ಚುಗೀಸರ ವಶವಾದವು. ಉಳ್ಳಾಲದ ಅಬ್ಬಕ್ಕನ ಹೋರಾಟ ನಮಗೆಲ್ಲ ಗೊತ್ತು. ಮುಂದಿನ ಅಧ್ಯಾಯ ಅಷ್ಟಾಗಿ ಗೊತ್ತಿಲ್ಲ.

1622ರಲ್ಲಿ ಅವರ ಕೈಯಿಂದ ಹೊರ್ಮುಜ್ ಹೋಯಿತು. 1633ರಲ್ಲಿ ಇಂದಿನ ರಾಸ್ ಅಲ್ ಖೈಮಾದ ಜುಲ್ಫಾರ್ ಒಮಾನಿನ ಇಮಾಮ್ ನಾಸಿರ್ ಬಿನ್ ಮುರ್ಷಿದ್ ಪಾಲಾಯಿತು. ಉಳಿದದ್ದು ಮಸ್ಕತ್. ಒಮಾನಿನ ಇತಿಹಾಸಕಾರರು ಹೇಳುವ ಕತೆ ಇದು: ಕೋಟೆಗೆ ದಿನಸಿ ಒದಗಿಸುತ್ತಿದ್ದ ನರೋತ್ತಮ ಎಂಬ ಭಾರತೀಯ ವರ್ತಕನ ಮಗಳನ್ನು ಪೋರ್ಚುಗೀಸ್ ಅಧಿಕಾರಿ ಬಯಸಿದ. ವರ್ತಕ ಬೇಡವೆನ್ನಲಿಲ್ಲ, ಕಾಲಾವಕಾಶ ಕೇಳಿದ. ಅಷ್ಟರಲ್ಲಿ, ಧಾನ್ಯ ಹಳತಾಗಿದೆ, ನೀರು ಕೆಟ್ಟಿದೆ, ಮದ್ದುಪುಡಿ ತೇವವಾಗಿದೆ, ಎಲ್ಲ ಬದಲಿಸೋಣ ಎಂದು ನಂಬಿಸಿ ಉಗ್ರಾಣ ಖಾಲಿ ಮಾಡಿಸಿದ; ಇಮಾಮನಿಗೆ ಸುದ್ದಿ ಕಳಿಸಿದ. 1650ರ ಜನವರಿಯಲ್ಲಿ ಮಸ್ಕತ್ ಬಿತ್ತು. ನರೋತ್ತಮನ ಕುಟುಂಬಕ್ಕೆ ತಲೆಗಂದಾಯ ಮಾಫಿಯಾಯಿತಂತೆ. ಎಷ್ಟು ನಿಜವೋ, ಎಷ್ಟು ಬಣ್ಣವೋ! ಆದರೆ ಸ್ಟಾಕ್ ಪರಿಶೀಲನೆಯನ್ನು ಸರಬರಾಜುದಾರನಿಗೇ ಬಿಟ್ಟರೆ ಏನಾಗುತ್ತದೆಂದು ಯಾವ ಆಡಿಟರನೂ ಹೇಳಬಲ್ಲ.

ಅತ್ತ ಡಚ್ಚರ ಕಾಟ, ಇತ್ತ ಮಸ್ಕತ್ ಇಲ್ಲ. ಕೆಳದಿಯ ಶಿವಪ್ಪ ನಾಯಕ ಸಮಯ ನೋಡಿದ. 1652ರಿಂದ 1654ರೊಳಗೆ ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರು ಎಲ್ಲವೂ ಪೋರ್ಚುಗೀಸರ ಕೈತಪ್ಪಿದವು. ಕಡಲ ದೊರೆಗಳಿಗೆ ಹಡಗುಗಳೇನೋ ಇನ್ನೂ ಇದ್ದವು; ಅನ್ನ ಮಾತ್ರ ಪರರ ಗದ್ದೆಯಲ್ಲಿತ್ತು.

1670ರ ದಶಕದಲ್ಲಿ ಅವರು ಮತ್ತೆ ಕೆಳದಿಯ ಬಾಗಿಲಿಗೆ ಬಂದರು. ಒಪ್ಪಂದವಾಗಿ ಮಂಗಳೂರಿನಲ್ಲಿ ವ್ಯಾಪಾರದ ಕೋಠಿಯೊಂದಕ್ಕೆ ಜಾಗ ಸಿಕ್ಕಿತು. ಹಳೆಯ ಕೋಟೆಗಳು ಸಿಗಲಿಲ್ಲ.