ರಾಜಧಾನಿಗಿಂತ ಮೊದಲು ಟಿ.ವಿ. ಕಂಡ ಸೀಮೆ

ಕನ್ನಡ ಟಿ.ವಿ. ನಿರೂಪಣೆ ಮೊದಲಾದದ್ದೇ ಸಮಾಜಸೇವೆಯ ರೂಪದಲ್ಲಿ ಎಂಬುದು ಇಂದಿನ ವಾರ್ತಾ ವಾಹಿನಿಗಳ ವೀಕ್ಷಕರಿಗೆ ಅಚ್ಚರಿ ತಂದೀತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗಕ್ಕೆ ಇಸ್ರೋ ಸಂಸ್ಥೆಯು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟಿ.ವಿ. ಒದಗಿಸುವ ಯೋಜನೆ ಅದು. ಹಿಂದುಳಿದ ಪ್ರದೇಶಗಳಿಗೇ ಆದ್ಯತೆಯಿದ್ದುದರಿಂದ ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು ಆಯ್ಕೆಯಾದವು. ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ.

ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ತಿಳಿವಳಿಕೆ. ಊರವರು ಒಂದೆಡೆ ಸೇರಿ ನೋಡುತ್ತಿದ್ದರು. ಕೊರತೆಯೂ ಇತ್ತು. ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ! ಕೃಷ್ಣಾ-ಭೀಮಾ ತೀರದ ರೈತನಿಗೆ ಸಲಹೆ ನೀಡುವ ನಿರೂಪಕರು ಅವನ ಹೊಲದಿಂದ ಬಹುದೂರದಲ್ಲಿ ಕುಳಿತಿರುತ್ತಿದ್ದರು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಮರುವರ್ಷವೇ, 1977ರಲ್ಲಿ, ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ತಲೆಯೆತ್ತಿತು. ಬೆಂಗಳೂರಿಗೆ ಆ ಭಾಗ್ಯ ಒದಗಿದ್ದು 1981ರಲ್ಲಿ.